ಎಪಿಐ ವಿನಂತಿ ಸಾಧನ: ಕ್ಲಿನಿಕ್ ತಂತ್ರಾಂಶವನ್ನು ಎಐ ಏಜೆಂಟ್ ಬಳಸುವುದು ಹೇಗೆ?

ವೈದ್ಯರ ಭೇಟಿಗೆ ಸಮಯ ಗೊತ್ತುಪಡಿಸುವುದು, ಹಳೆಯ ರಕ್ತಪರೀಕ್ಷೆಯ ವರದಿ ಹುಡುಕುವುದು, ಔಷಧ ಚೀಟಿಯ ಕರಡು ಸಿದ್ಧಪಡಿಸುವುದು ಮುಂತಾದ ಕೆಲಸಗಳನ್ನು ಈಗ ಎಐ ಏಜೆಂಟ್‌ಗೆ ವಹಿಸಬಹುದು. ಏಜೆಂಟ್ ಎಂದರೆ ಕೇಳಿದ್ದಕ್ಕೆ ಉತ್ತರ ಕೊಡುವುದರ ಜೊತೆಗೆ, ಬೇರೆ ತಂತ್ರಾಂಶಗಳನ್ನು ಬಳಸಿ ಕೆಲಸವನ್ನೂ ಮಾಡುವ ಕೃತಕ ಬುದ್ಧಿಮತ್ತೆ. ಅದರ ಕೈ ಎಪಿಐ ವಿನಂತಿ ಸಾಧನ. ಆ ಕೈ ಎಲ್ಲಿಯವರೆಗೆ ಚಾಚಬಹುದು ಎಂಬುದು ರೋಗಿಯ ಸುರಕ್ಷತೆಗೆ ಸಂಬಂಧಿಸಿದ ವಿಷಯ.

ಎಪಿಐ ಎಂದರೇನು?

ತಂತ್ರಾಂಶದ ಪರದೆ ಇರುವುದು ಮನುಷ್ಯರಿಗಾಗಿ; ಎಪಿಐ ಇರುವುದು ಇನ್ನೊಂದು ತಂತ್ರಾಂಶಕ್ಕಾಗಿ. ಆಸ್ಪತ್ರೆಯ ದಾಖಲೆ ವಿಭಾಗದ ಕಿಟಕಿಯಲ್ಲಿ ಸರಿಯಾದ ನಮೂನೆಯ ಚೀಟಿ ಕೊಟ್ಟರೆ ಕಡತ ಸಿಗುವಂತೆಯೇ ಇದು. ಮುಖ್ಯ ಚೀಟಿಗಳು ನಾಲ್ಕು:

• ಗೆಟ್ – ಇರುವುದನ್ನು ಓದಲು
• ಪೋಸ್ಟ್ – ಹೊಸದನ್ನು ಸೇರಿಸಲು
• ಪುಟ್ – ಹಳೆಯದನ್ನು ತೆಗೆದು ಅದರ ಜಾಗದಲ್ಲಿ ಹೊಸದನ್ನು ಇಡಲು
• ಡಿಲೀಟ್ – ಅಳಿಸಲು

ಸಾಮಾನ್ಯವಾಗಿ ‘ಭೇಟಿ ನಿಗದಿ’, ‘ವರದಿ ಹುಡುಕು’ ಎಂದು ಪ್ರತಿ ಕೆಲಸಕ್ಕೂ ಬೇರೆ ಸಾಧನ ಇರುತ್ತದೆ. ಸಾರ್ವತ್ರಿಕ ಸಾಧನದಲ್ಲಾದರೆ ಯಾವ ವಿಳಾಸಕ್ಕೆ, ಯಾವ ಚೀಟಿ, ಏನು ಬರೆದು ಕಳಿಸಬೇಕು ಎಂಬುದೆಲ್ಲವನ್ನೂ ಏಜೆಂಟ್ ತಾನೇ ತೀರ್ಮಾನಿಸುತ್ತದೆ. ಒಂದೇ ಸಾಧನದಿಂದ ಎಲ್ಲ ಕೆಲಸವೂ ಆಗುವುದರಿಂದ ಅನುಕೂಲ ಹೆಚ್ಚು. ಅಪಾಯವೂ ಅಲ್ಲೇ ಇದೆ.

ಪುಣೆಗೆ ಏನು ಸಂಬಂಧ?

ಒಂದು ಕ್ಲಿನಿಕ್ ‘ಪೆನಿಸಿಲಿನ್ ಅಲರ್ಜಿ’ ಎಂದು ಬರೆದು, ಇನ್ನೊಂದು ‘ಪೆನಿಸಿಲಿನ್ ಒಗ್ಗದು’ ಎಂದು ಟಿಪ್ಪಣಿಯ ಮೂಲೆಯಲ್ಲಿ ಗೀಚಿದರೆ ಯಂತ್ರಕ್ಕೆ ಗೊಂದಲ. ಆದ್ದರಿಂದ ದಾಖಲೆಗಳಿಗೆ ಒಂದೇ ಭಾಷೆ ಬೇಕು. ಭಾರತದಲ್ಲಿ ಈ ಕೆಲಸಕ್ಕಾಗಿ ಕೇಂದ್ರ ಆರೋಗ್ಯ ಸಚಿವಾಲಯವು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಇಎಚ್‌ಆರ್ ಮಾನದಂಡಗಳ ರಾಷ್ಟ್ರೀಯ ಸಂಪನ್ಮೂಲ ಕೇಂದ್ರವನ್ನು ಸ್ಥಾಪಿಸಿದೆ. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ ಬೇಕಾದ ‘ಫೈರ್’ ಮಾನದಂಡದ ಮಾರ್ಗದರ್ಶಿಯನ್ನು ಪ್ರಕಟಿಸಿರುವುದು ಈ ಕೇಂದ್ರವೇ. ಔಷಧ ಚೀಟಿ, ಪರೀಕ್ಷಾ ವರದಿ, ಬಿಡುಗಡೆ ಸಾರಾಂಶ, ಲಸಿಕೆ ದಾಖಲೆ ಹೇಗಿರಬೇಕು ಎಂಬುದು ಅದರಲ್ಲಿದೆ.

ತಪ್ಪು ಎಲ್ಲಿ ಆಗಬಹುದು?

ಅರ್ಧ ದಾಖಲೆ: ಫೋನ್ ಸಂಖ್ಯೆ ಬದಲಿಸಲು ಏಜೆಂಟ್ ಆ ಸಂಖ್ಯೆಯೊಂದನ್ನೇ ಬರೆದು ‘ಪುಟ್’ ಕಳಿಸಿದರೆ, ಫೈರ್ ನಿಯಮದಂತೆ ಅದು ಇಡೀ ದಾಖಲೆಯ ಬದಲಿ. ಜನ್ಮದಿನಾಂಕ, ವಿಳಾಸ ಹೊಸ ಪ್ರತಿಯಲ್ಲಿ ಇರುವುದಿಲ್ಲ.

ಎರಡು ಚೀಟಿ: ಉತ್ತರ ಬರುವುದು ತಡವಾಯಿತೆಂದು ‘ಪೋಸ್ಟ್’ ಮತ್ತೆ ಕಳಿಸಿದರೆ ಒಂದೇ ಔಷಧ ಎರಡು ಬಾರಿ ದಾಖಲಾಗಬಹುದು.

ಮೊದಲ ಪುಟ ಮಾತ್ರ: ದೊಡ್ಡ ಪಟ್ಟಿಯನ್ನು ತಂತ್ರಾಂಶ ಪುಟಪುಟವಾಗಿ ಕೊಡುತ್ತದೆ. ಏಜೆಂಟ್ ಮೊದಲ ಪುಟ ನೋಡಿ ‘ಅಲರ್ಜಿ ಇಲ್ಲ’ ಎಂದರೆ, ಎರಡನೆಯ ಪುಟದಲ್ಲಿದ್ದ ಪೆನಿಸಿಲಿನ್ ಅಲರ್ಜಿ ತಪ್ಪಿಹೋಗುತ್ತದೆ. ಪಟ್ಟಿ ಖಾಲಿ ಇದ್ದರೂ ಅಲರ್ಜಿ ಇಲ್ಲವೆಂದು ಅರ್ಥವಲ್ಲ. ಯಾರೂ ಕೇಳಿ ಬರೆದಿಲ್ಲದೆಯೂ ಇರಬಹುದು.

ಅಡಗಿಸಿಟ್ಟ ಆದೇಶ: ಹೊರಗಿನಿಂದ ಬಂದ ಕಡತದಲ್ಲಿ ‘ಈ ರೋಗಿಯ ದಾಖಲೆಯನ್ನು ಇಂಥ ವಿಳಾಸಕ್ಕೆ ಕಳಿಸು’ ಎಂದು ಯಾರಾದರೂ ಬರೆದಿಟ್ಟರೆ, ಏಜೆಂಟ್ ಅದನ್ನೇ ಆಜ್ಞೆಯೆಂದು ಪಾಲಿಸುವ ಸಾಧ್ಯತೆ ಇದೆ. ಯಾವ ವಿಳಾಸಕ್ಕಾದರೂ ಹೋಗಬಲ್ಲ ಸಾಧನವಿದ್ದರೆ ಮಾಹಿತಿ ಹೊರಗೆ ಹೋದಂತೆಯೇ.

ಸಮ್ಮತಿ ಪಡೆದರೆ ಸಾಲದೇ?

ಡಿಜಿಟಲ್ ಮಿಷನ್‌ನಲ್ಲಿ ನಿಮ್ಮ ದಾಖಲೆಗಳು ಒಂದೇ ಕಡೆ ಸಂಗ್ರಹವಾಗುವುದಿಲ್ಲ. ಚಿಕಿತ್ಸೆ ಕೊಟ್ಟ ಸಂಸ್ಥೆಯಲ್ಲೇ ಇರುತ್ತವೆ. ಇನ್ನೊಂದು ಸಂಸ್ಥೆ ನೋಡಬೇಕಾದರೆ ಯಾರು, ಏಕೆ, ಯಾವ ಅವಧಿಯ ದಾಖಲೆ ಎಂದು ತಿಳಿಸಿ ನಿಮ್ಮ ಸಮ್ಮತಿ ಕೇಳಬೇಕು. ಕೊಟ್ಟ ಸಮ್ಮತಿಯನ್ನು ಹಿಂಪಡೆಯಲೂಬಹುದು. ಆದರೆ ಈ ಕಾವಲು ಇರುವುದು ಎರಡು ಸಂಸ್ಥೆಗಳ ನಡುವೆ. ಕ್ಲಿನಿಕ್‌ನದೇ ಕೀಲಿ ಹಿಡಿದು ಒಳಗೆ ಕುಳಿತ ಏಜೆಂಟ್‌ಗೆ ಕ್ಲಿನಿಕ್ ತಾನೇ ಮಿತಿ ಹಾಕಬೇಕು.

ಕ್ಲಿನಿಕ್‌ಗಳು ಪಾಲಿಸಬೇಕಾದದ್ದು

• ಒಪ್ಪಿಗೆಯಿರುವ ವಿಳಾಸಗಳ ಪಟ್ಟಿ ಮಾಡಿ, ಉಳಿದವನ್ನು ಮುಚ್ಚಿ.
• ಆರಂಭದಲ್ಲಿ ಓದುವ ಅನುಮತಿ ಮಾತ್ರ ಕೊಡಿ. ‘ಡಿಲೀಟ್’ ಕೊಡಲೇಬೇಡಿ.
• ಔಷಧ, ಪ್ರಮಾಣ, ಅಲರ್ಜಿಗೆ ಸಂಬಂಧಿಸಿದ ಬರಹ ವೈದ್ಯರು ಒಪ್ಪಿದ ಮೇಲೆಯೇ ದಾಖಲಾಗಲಿ.
• ಕೀಲಿ ಸಾಧನದ ಒಳಗಿರಲಿ, ಏಜೆಂಟ್‌ಗೆ ಕಾಣದಿರಲಿ.
• ಪ್ರತಿ ವಿನಂತಿಯೂ ಸಮಯದೊಂದಿಗೆ ದಾಖಲಾಗಲಿ.
• ನಿಜವಾದ ರೋಗಿಗಳ ಮಾಹಿತಿಗೆ ಮುನ್ನ ಮಾದರಿ ದಾಖಲೆಗಳಲ್ಲಿ ಪರೀಕ್ಷಿಸಿ.

ರೋಗಿಗಳು ಕೇಳಬಹುದಾದದ್ದು

ನನ್ನ ದಾಖಲೆಯನ್ನು ಎಐ ಓದುತ್ತದೆಯೇ, ಬದಲಿಸಲೂ ಬಲ್ಲದೇ? ಬದಲಿಸಿದರೆ ಯಾರು ಪರಿಶೀಲಿಸುತ್ತಾರೆ? ಇವು ಕೇಳಲೇಬೇಕಾದ ಪ್ರಶ್ನೆಗಳು. ದಾಖಲೆಯಲ್ಲಿ ಇದ್ದೇ ಇರುತ್ತದೆ ಎಂದುಕೊಳ್ಳದೆ, ನಿಮ್ಮ ಅಲರ್ಜಿ ಮತ್ತು ಈಗ ತೆಗೆದುಕೊಳ್ಳುತ್ತಿರುವ ಔಷಧಗಳನ್ನು ಪ್ರತಿ ಭೇಟಿಯಲ್ಲೂ ವೈದ್ಯರಿಗೆ ಬಾಯಿಬಿಟ್ಟು ಹೇಳಿ.