ಮುಂಬಯಿಯ ದುಡಿಮೆಗಾರರ ಬಿಡಾರವೂ ಕಾಯಿದೆಯ ಆಸರೆಯೂ

ಮುಂಬಯಿಗೆ ದುಡಿಯಲೆಂದು ಬಂದವನಿಗೆ ಕೆಲಸ ದೊರೆತಷ್ಟು ಸುಲಭವಾಗಿ ನೆಲೆ ದೊರೆತುದಿಲ್ಲ. 1911ರ ಜನಗಣತಿಯ ಕಾಲಕ್ಕೆ ನಗರದ ನಿವಾಸಿಗಳಲ್ಲಿ ನೂರಕ್ಕೆ ಸುಮಾರು 69 ಮಂದಿ ಒಂದೇ ಕೋಣೆಯ ಬಿಡಾರಗಳಲ್ಲಿದ್ದರು. 1920ರಲ್ಲಿ ಸ್ಥಾಪಿತವಾದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟು ವರಳಿ, ನಾಯ್‌ಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ 207 ಚಾಳುಗಳನ್ನು ಕಟ್ಟಿಸಿತಾದರೂ ಬಂದವರೆಲ್ಲರಿಗೆ ಅವು ಸಾಲಲಿಲ್ಲ. ಹೀಗಿರಲು ದುಡಿಮೆಗಾರರು ತಮ್ಮ ತಮ್ಮ ದಾರಿಯನ್ನು ತಾವೇ ಕಂಡುಕೊಂಡರು. ಗಿರಣಿಯವರು ಖಾನಾವಳಿಯಲ್ಲಿ ಉಂಡು ಪಾಳಿಯ ಮೇಲೆ ಒಂದೇ ಖೋಲಿಯಲ್ಲಿ ಮಲಗಿದರು. ಗೋವೆಯವರು ಊರೂರಿನ ಹೆಸರಿನಲ್ಲಿ 'ಕೂಡ'ಗಳನ್ನು ನಡೆಸಿದರು. ಕನ್ನಡ ಕರಾವಳಿಯಿಂದ ಬಂದ ಹುಡುಗರಿಗಾದರೋ ಹೋಟೆಲೇ ಊಟದ ಮನೆ, ಹೋಟೆಲೇ ಬಿಡಾರವಾಯಿತು. ರಾತ್ರಿ ಬಾಗಿಲು ಮುಚ್ಚಿದ ಮೇಲೆ ಮೇಜು ಬೆಂಚುಗಳೇ ಹಾಸಿಗೆ, ಟ್ರಂಕನ್ನು ಇಡಲು ಅಟ್ಟ. ರಾತ್ರಿ ಶಾಲೆಗೆ ಹೋಗಿ ಓದಿದವರೂ ಹಿಂದಿರುಗಿದುದು ಅಲ್ಲಿಗೇ.

ಈ ವ್ಯವಸ್ಥೆಯಲ್ಲಿ ಉಪಕಾರವೂ ಇತ್ತು, ಅಪಾಯವೂ ಇತ್ತು. ಊರು ಬಿಟ್ಟು ಬಂದವನಿಗೆ ಬಂದ ದಿನವೇ ಸೂರು ದೊರೆಯುತ್ತಿತ್ತೆಂಬುದು ಉಪಕಾರ. ಕೆಲಸ ತಪ್ಪಿದ ದಿನವೇ ಸೂರೂ ತಪ್ಪುತ್ತಿತ್ತೆಂಬುದು ಅಪಾಯ. ಸಂಬಳಕ್ಕಾಗಿ ಧಣಿಯೊಡನೆ ವಾದಿಸುವವನು ಅಂದಿನ ರಾತ್ರಿ ಎಲ್ಲಿ ಮಲಗುವೆನೆಂಬುದನ್ನೂ ಯೋಚಿಸಬೇಕಾಗಿತ್ತು. ಇಂತಹವನಿಗೆ ಕಾಯಿದೆಯು ಏನು ಆಸರೆ ಕೊಟ್ಟಿತೆಂಬುದು ವಿಚಾರಣೀಯವಾಗಿದೆ.

ಬಾಡಿಗೆಯ ನಿಯಂತ್ರಣವು ಮುಂಬಯಿಯಲ್ಲಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ ಆರಂಭವಾಯಿತು. 1947ರಲ್ಲಿ ಅಂಗೀಕೃತವಾದ ಬಾಂಬೆ ಬಾಡಿಗೆ ಕಾಯಿದೆಯು 1948ರ ಫೆಬ್ರವರಿ 13ರಿಂದ ಜಾರಿಗೆ ಬಂದಿತು. ನಿಗದಿಯಾದ ಬಾಡಿಗೆಯನ್ನು ಸಲ್ಲಿಸುತ್ತ, ಕರಾರಿನಂತೆ ನಡೆಯುವ ಬಾಡಿಗೆದಾರನನ್ನು ಮಾಲೀಕನು ಮನಬಂದಂತೆ ಒಕ್ಕಲೆಬ್ಬಿಸಬಾರದೆಂಬುದು ಅದರ ತಿರುಳು. ಒಕ್ಕಲೆಬ್ಬಿಸಲು ಒಪ್ಪತಕ್ಕ ಕಾರಣಗಳನ್ನು 13ನೆಯ ಕಲಮು ಎಣಿಸಿ ಹೇಳಿತು. ಆ ಕಾರಣಗಳಲ್ಲೊಂದು ಗಮನಾರ್ಹವಾದುದು: ಮಾಲೀಕನ ಸೇವೆಯಲ್ಲಿದ್ದ ಕಾರಣದಿಂದ ಮನೆ ಪಡೆದವನು ಆ ಸೇವೆಯಿಂದ ದೂರವಾದರೆ ಮನೆಯನ್ನೂ ಬಿಡಬೇಕು. ಅಂದರೆ ನೌಕರಿಯೊಡನೆ ಗಂಟುಹಾಕಿದ ಸೂರಿಗೆ ನೌಕರಿಯ ಆಯುಸ್ಸೇ ಆಯುಸ್ಸೆಂದು ಕಾಯಿದೆಯೇ ಒಪ್ಪಿಕೊಂಡಂತಾಯಿತು.

ಈ ಕಾಯಿದೆಯಿಂದ ಪಾರಾಗಲು ಮಾಲೀಕರು 'ಬಾಡಿಗೆ' ಎಂಬ ಶಬ್ದವನ್ನೇ ತೊರೆದು 'ಲೀವ್ ಅಂಡ್ ಲೈಸೆನ್ಸ್' ಎಂಬ ಕರಾರಿನ ಮೊರೆಹೊಕ್ಕರು. ಆಗ ಮಹಾರಾಷ್ಟ್ರ ಶಾಸನಸಭೆಯು ಕಾಯಿದೆಗೆ 15ಎ ಕಲಮನ್ನು ಸೇರಿಸಿ, 1973ರ ಫೆಬ್ರವರಿ 1ರಂದು ಊರ್ಜಿತವಾದ ಕರಾರಿನ ಮೇಲೆ ವಾಸವಾಗಿದ್ದ ಪರವಾನಗಿದಾರರನ್ನು ಬಾಡಿಗೆದಾರರೆಂದೇ ಭಾವಿಸತಕ್ಕದ್ದೆಂದು ವಿಧಿಸಿತು. ಇದರಿಂದ ನಗರದ ಎಷ್ಟೋ ಕುಟುಂಬಗಳು ಉಳಿದುಕೊಂಡವು. ಆದರೆ ಪರವಾನಗಿದಾರನೆಂದರೆ ಯಾರೆಂದು ವಿವರಿಸುವ ಕಲಮು ಕೆಲವರನ್ನು ಹೆಸರಿಸಿ ಹೊರಗಿಟ್ಟಿತು. ಮಾಲೀಕನ ನೌಕರ, ಮನೆಯವರೊಡನೆ ಇರುವ ಪೇಯಿಂಗ್ ಗೆಸ್ಟ್, ಹೋಟೆಲು, ವಸತಿಗೃಹ, ಹಾಸ್ಟೆಲು, ಕ್ಲಬ್ಬು, ಧರ್ಮಶಾಲೆಗಳಲ್ಲಿ ತಂಗಿದವನು ಇವರಿಗೆ ಆ ರಕ್ಷಣೆ ಇಲ್ಲ. ಪ್ರವಾಸಿಯನ್ನು ಹೊರಗಿಟ್ಟುದು ನ್ಯಾಯವೇ ಸರಿ. ಆದರೆ ಎರಡು ದಿನ ತಂಗುವ ಪ್ರವಾಸಿಯನ್ನೂ, ಹತ್ತು ವರ್ಷ ಅದೇ ಅಟ್ಟದ ಕೆಳಗೆ ಮಲಗಿದ ದುಡಿಮೆಗಾರನನ್ನೂ ಕಾಯಿದೆಯು ಒಂದೇ ಸಾಲಿನಲ್ಲಿ ನಿಲ್ಲಿಸಿತು.

ಸೂರು ಮತ್ತು ದುಡಿಮೆಗಳ ಸಂಬಂಧವನ್ನು ಇನ್ನೊಂದು ದಿಕ್ಕಿನಿಂದ ನೋಡುವ ಪ್ರಸಂಗ ಬಂದುದು 1981ರಲ್ಲಿ. ಆ ವರ್ಷದ ಜುಲೈ 13ರಂದು ಮುಖ್ಯಮಂತ್ರಿ ಎ. ಆರ್. ಅಂತುಳೆಯವರು ಕಾಲುದಾರಿಗಳ ನಿವಾಸಿಗಳನ್ನು ನಗರದಿಂದ ಹೊರಗೆ ಕಳುಹಿಸಲಾಗುವುದೆಂದು ಸಾರಿದರು. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಬಳಿಯ ಕಾಮರಾಜನಗರವೆಂಬ ಬಸ್ತಿಯೂ ಈ ಪ್ರಕರಣದಲ್ಲಿ ಸೇರಿತ್ತು. 1960-61ರ ಸುಮಾರಿಗೆ ಹೆದ್ದಾರಿಯ ಉದ್ದಕ್ಕೂ ನೀರಿನ ಕೊಳವೆಗಳನ್ನು ಹಾಕುತ್ತಿದ್ದ ಕಂಪನಿಯೊಂದರ ಕೂಲಿಗಾರರು ಕಟ್ಟಿಕೊಂಡ ಬಿಡಾರವದು ಎಂದು ಅರ್ಜಿದಾರರು ಹೇಳಿದರು. ಕಾಮಗಾರಿ ಮುಗಿದರೂ ಬಿಡಾರ ಉಳಿಯಿತು. ಪಾಲಿಕೆಯ ನೌಕರರೂ ಕಾರ್ಖಾನೆ, ಹೋಟೆಲುಗಳಲ್ಲಿ ದುಡಿಯುವವರೂ ಅಲ್ಲಿ ನೆಲೆಸಿದರು. ಇನ್ನೊಬ್ಬ ಅರ್ಜಿದಾರನು ಸೇಲಂ ಜಿಲ್ಲೆಯಿಂದ ಬರಗಾಲದ ದೆಸೆಯಿಂದ 1961ರಲ್ಲಿ ಬಂದ ಭೂಮಿಯಿಲ್ಲದ ಕೂಲಿಗಾರ. ಜುಲೈ 23ರಂದು ಅವನ ಗುಡಿಸಲನ್ನು ಕೆಡವಿ, ಸಂಸಾರ ಸಮೇತ ಅವನನ್ನು ಊರಿನ ಬಸ್ಸಿಗೆ ಹತ್ತಿಸಲಾಯಿತು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಅವನು ಕೆಲಸವನ್ನರಸಿ ಮತ್ತೆ ಮುಂಬಯಿಯ ಕಾಲುದಾರಿಗೇ ಬಂದನು.

ಇವರು ಒಂಟಿಯಾಗಿ ನ್ಯಾಯಸ್ಥಾನದ ಮೆಟ್ಟಿಲು ಹತ್ತಲಿಲ್ಲ. ಪತ್ರಕರ್ತೆ ಓಲ್ಗಾ ಟೆಲಿಸ್, ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಮೊದಲಾದವರು ಜೊತೆಗೂಡಿದರು. ಇಂದಿರಾ ಜೈಸಿಂಗ್ ಮೊದಲಾದ ವಕೀಲರು ವಾದಿಸಿದರು. 1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ನೇತೃತ್ವದ ಐವರ ಪೀಠವು ತೀರ್ಪು ನೀಡಿತು. ದುಡಿಮೆ ಇರುವಲ್ಲಿಂದ ಒಕ್ಕಲೆಬ್ಬಿಸಿದರೆ ಜೀವನೋಪಾಯವೇ ಹೋಗುತ್ತದೆ. ಜೀವನೋಪಾಯದ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಅಡಗಿದೆ. ತೆರವಿಗೆ ಮೊದಲು ಸಾಮಾನ್ಯವಾಗಿ ಸೂಚನೆ ಕೊಟ್ಟು ಅಹವಾಲು ಕೇಳಬೇಕು ಎಂದು ಪೀಠವು ನಿರ್ಣಯಿಸಿತು. ಆದರೆ ಕಾಲುದಾರಿಯಲ್ಲಿ ಮನೆ ಕಟ್ಟುವ ಹಕ್ಕು ಯಾರಿಗೂ ಇಲ್ಲವೆಂದೂ ಹೇಳಿ, ತೆರವುಗೊಳಿಸುವ ಪಾಲಿಕೆಯ ಅಧಿಕಾರವನ್ನು ಎತ್ತಿಹಿಡಿಯಿತು. ಕಾಮರಾಜನಗರದ ನಾನೂರಕ್ಕೂ ಮಿಕ್ಕಿದ ಗುಡಿಸಲುಗಳಿಗೂ ಇದೇ ನಿಯಮ ಅನ್ವಯಿಸಿತು. ಮಳೆಗಾಲ ಕಳೆದು ಅಕ್ಟೋಬರ್ 31ರವರೆಗೆ ತೆರವು ಕೂಡದೆಂಬುದೂ, 1976ರ ಗಣತಿಯಲ್ಲಿ ಸೇರಿದವರಿಗೆ ಬದಲಿ ನೆಲ ಕೊಡಬೇಕೆಂಬುದೂ ಅವರಿಗೆ ದೊರೆತ ಫಲ. ತತ್ತ್ವವು ಗೆದ್ದಿತು, ಸೂರು ಉಳಿಯಲಿಲ್ಲ.

ಆದರೂ ಆ ನಾಲ್ಕು ವರ್ಷಗಳ ಅವಧಿಯನ್ನು ಗಳಿಸಿಕೊಟ್ಟುದು ಕಾನೂನಿನ ನೆರವೇ ಎಂಬುದನ್ನು ಮರೆಯಲಾಗದು. ಈ ನೆರವಿಗೂ ನಗರದಲ್ಲಿ ಒಂದು ಪರಂಪರೆಯಿದೆ. 1924ರಲ್ಲಿಯೇ ಬಾಂಬೆ ಲೀಗಲ್ ಏಡ್ ಸೊಸೈಟಿ ಸ್ಥಾಪಿತವಾಯಿತು. 1949ರಲ್ಲಿ ಮುಂಬಯಿ ಸರಕಾರವು ನ್ಯಾಯಮೂರ್ತಿ ಎನ್. ಎಚ್. ಭಗವತಿಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1976ರ ತಿದ್ದುಪಡಿಯಿಂದ ಉಚಿತ ಕಾನೂನು ನೆರವು ಸಂವಿಧಾನದ 39ಎ ವಿಧಿಯಾಯಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು 1995ರ ನವೆಂಬರ್ 9ರಿಂದ ಜಾರಿಗೆ ಬಂದಿತು. ಅದರ 12ನೆಯ ಕಲಮು ಸ್ತ್ರೀಯರು, ಪರಿಶಿಷ್ಟರು ಇವರೊಡನೆ ಕೈಗಾರಿಕಾ ಕಾರ್ಮಿಕನನ್ನೂ ಉಚಿತ ವಕೀಲನಿಗೆ ಅರ್ಹನೆಂದು ಹೆಸರಿಸುತ್ತದೆ.

ಈ ಅರ್ಹತೆಯ ಬೆಲೆಯನ್ನು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಬದಿಯಲ್ಲಿಟ್ಟು ಅಳೆಯಬೇಕು. ಅದರ ಪ್ರಕಾರ ಸೇವೆ ಇರುವವರೆಗೆ ಮಾತ್ರ ನಡೆಯುವ ಬಾಡಿಗೆಯ ಕರಾರನ್ನು ಧಣಿಯು ನೌಕರನಿಂದ ಬರೆಯಿಸಿಕೊಳ್ಳಬಹುದು. ಸಕ್ಷಮ ಪ್ರಾಧಿಕಾರಿಯಿಂದ ಸಮನ್ಸು ಬಂದರೆ 30 ದಿನಗಳೊಳಗಾಗಿ ಪ್ರಮಾಣಪತ್ರ ಸಲ್ಲಿಸಿ ವಾದಿಸಲು ಅನುಮತಿ ಪಡೆಯಬೇಕು. ತಪ್ಪಿದರೆ ಧಣಿಯ ಮಾತನ್ನು ಒಪ್ಪಿದಂತೆಯೇ ಎಣಿಕೆ. ಸಮನ್ಸಿನ ಭಾಷೆಯನ್ನು ಓದಲಾರದ ಹುಡುಗನು ಆ ಕಾಗದವನ್ನು ಟ್ರಂಕಿನಲ್ಲಿಟ್ಟು ತಿಂಗಳು ಕಳೆದರೆ, ಯಾವ ಸರ್ವೋಚ್ಚ ತೀರ್ಪೂ ಅವನ ಪಾಲಿಗಿಲ್ಲ. ದುಡಿಮೆಗಾರನ ಬಿಡಾರದ ಇತಿಹಾಸದಲ್ಲಿ ಕಾಯಿದೆಗಳ ತಾರೀಖುಗಳಷ್ಟೇ ಮುಖ್ಯವಾದುದು, ಆ ಕಾಗದವನ್ನು ಸಕಾಲದಲ್ಲಿ ಅವನ ನುಡಿಯಲ್ಲಿ ಓದಿ ಹೇಳುವವರು ಇದ್ದರೇ ಇಲ್ಲವೇ ಎಂಬ ಸಂಗತಿ.