ಕಲ್ಲಿನ ನೊಣದಿಂದ ಕಾಫಿಯ ಕೊರಕದವರೆಗೆ: ಬೇಲೂರು ಸೀಮೆಯ ಸಮೀಪ ಛಾಯಾಗ್ರಹಣ

ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಾಫಿ ತೋಟಗಳ ಸೀಮೆ. ಅದರ ಮೂಡಣಕ್ಕಿರುವ ಬೇಲೂರು, ಹಳೇಬೀಡುಗಳು ಹೊಯ್ಸಳ ಶಿಲ್ಪದ ನೆಲೆಗಳು. ಸಣ್ಣದನ್ನು ಹತ್ತಿರದಿಂದ ಸ್ಫುಟವಾಗಿ ಹಿಡಿಯುವ ಛಾಯಾಗ್ರಹಣಕ್ಕೆ ಎರಡೂ ಕಡೆ ಬೇಕಾದಷ್ಟು ವಸ್ತುವಿದ್ದರೂ, ಕಲ್ಲು ಕ್ಯಾಮೆರಾಕ್ಕೆ ಬೇಗ ಒಲಿದು, ಎಲೆಯ ಮೇಲಿನ ಜೀವಂತ ಕೀಟ ಒಂದು ಶತಮಾನದಷ್ಟು ತಡವಾಗಿ ಒಲಿಯಿತು.

ಕಿರಿದನ್ನು ಹಿರಿದರಷ್ಟೇ ಶ್ರದ್ಧೆಯಿಂದ ಕಾಣುವ ಪದ್ಧತಿ ಇಲ್ಲಿ ಕ್ಯಾಮೆರಾಕ್ಕಿಂತ ಬಹಳ ಹಳೆಯದು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯೊಂದರ ತಲೆಯ ಮೇಲಣ ಬಳ್ಳಿ ಚಪ್ಪರದೊಳಗೆ, ಹಲಸಿನ ಹಣ್ಣಿನ ಮೇಲೆ ಕುಳಿತ ನೊಣವನ್ನೂ ಅದಕ್ಕೆ ಹೊಂಚುಹಾಕಿದ ಹಲ್ಲಿಯನ್ನೂ ರೂವಾರಿ ಬಿಡಿಸಿದ್ದಾನೆ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಕ್ರಮೇಣ ಗಡುಸಾಗುವ ಬಳಪದ ಕಲ್ಲು ಇಂತಹ ಸೂಕ್ಷ್ಮ ಕೆಲಸಕ್ಕೆ ಎಡೆಮಾಡಿಕೊಟ್ಟಿತು.

1854ರ ಕೊನೆಯಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಲಿನಿಯಸ್ ಟ್ರೈಪ್ ಮತ್ತು ವೈದ್ಯ ಆಂಡ್ರ್ಯೂ ನೀಲ್ ಈ ಸೀಮೆಯ ದೇವಾಲಯಗಳನ್ನು ಕ್ಯಾಲೊಟೈಪ್ ವಿಧಾನದಲ್ಲಿ, ಅಂದರೆ ಬೆಳ್ಳಿಯ ಲವಣ ಲೇಪಿಸಿದ ಕಾಗದವನ್ನೇ ನೆಗೆಟಿವ್ ಆಗಿ ಬಳಸಿ, ಚಿತ್ರಿಸಿದರು. ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿದ್ದುದರಿಂದ ಮುಕ್ಕಾಲಿ ಅನಿವಾರ್ಯವಾಗಿತ್ತು, ಅಲುಗುವ ಯಾವುದೂ ಚಿತ್ರದಲ್ಲಿ ನಿಲ್ಲುತ್ತಿರಲಿಲ್ಲ. ನೀಲ್ ತೆಗೆದ ಚಿತ್ರಗಳು ಪಿಗೌ ಮತ್ತು ಬಿಗ್ಸ್ ಎಂಬ ಇನ್ನಿಬ್ಬರು ಛಾಯಾಗ್ರಾಹಕರ ಚಿತ್ರಗಳೊಂದಿಗೆ 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ ಕುರಿತ ಲಂಡನ್ ಪ್ರಕಟಣೆಯಲ್ಲಿ ಸೇರಿದವು. 1919ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೇಲೂರಿನ ದೇವಾಲಯವನ್ನು ಕುರಿತು ಚಿತ್ರಫಲಕಗಳುಳ್ಳ ಗ್ರಂಥವನ್ನೇ ಹೊರತಂದರು.

ತೋಟಗಳಲ್ಲಿ ಸಣ್ಣದನ್ನು ನೋಡುವ ಅಗತ್ಯ ನಷ್ಟದಿಂದ ಹುಟ್ಟಿತು. ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಟ್ಟು, ಮರಿಹುಳುವಾದಾಗ ಗಿಡವನ್ನು ಒಳಗಿನಿಂದಲೇ ತಿನ್ನುವ ಕಾಂಡಕೊರಕದ ಹಾವಳಿಯನ್ನು ಕುರಿತು ಜಾರ್ಜ್ ಬಿಡೀ ಸಲ್ಲಿಸಿದ ವರದಿ 1869ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಫಿಯ ಕಾಯನ್ನೇ ಕೊರೆಯುವ ಇನ್ನೊಂದು ಕೀಟ, ಕಾಯಿಕೊರಕ, ಭಾರತದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಕಾಂಡಕೊರಕದ ದುಂಬಿ ಒಂದೆರಡು ಸೆಂಟಿಮೀಟರ್ ಉದ್ದವಿದ್ದರೆ, ಕಾಯಿಕೊರಕದ ಹೆಣ್ಣು ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ.

ಇಂತಹ ಜೀವಿಯನ್ನು ಅದರ ನಿಜಗಾತ್ರದಲ್ಲೇ ಫಿಲ್ಮಿನ ಮೇಲೆ ಮೂಡಿಸಬಲ್ಲ ಮ್ಯಾಕ್ರೋ ಲೆನ್ಸು, ಲೆನ್ಸಿನ ಮೂಲಕವೇ ನೋಡುವ ಸಣ್ಣ ಕ್ಯಾಮೆರಾಗಳಿಗೆ 1955ರಲ್ಲಿ ಮ್ಯಾಕ್ರೋ ಕಿಲಾರ್ ಎಂಬ ಹೆಸರಿನಿಂದ ದೊರೆಯಿತು. ಆದರೆ ನಿಜಗಾತ್ರದ ಚಿತ್ರದಲ್ಲಿ ದ್ಯುತಿರಂಧ್ರವನ್ನು ಎಫ್ 11ಕ್ಕೆ ಕಿರಿದಾಗಿಸಿದರೂ ಸ್ಫುಟವಾಗಿ ಕಾಣುವ ಆಳ ಸುಮಾರು ಒಂದೂಕಾಲು ಮಿಲಿಮೀಟರ್ ಅಷ್ಟೇ, ಅಂದರೆ ಕಾಯಿಕೊರಕದ ಮೈಯುದ್ದಕ್ಕಿಂತಲೂ ಕಡಿಮೆ. ಕಿರಿದಾದ ರಂಧ್ರ ಬೇಡುವಷ್ಟು ಬೆಳಕು ತೋಟದ ಸಿಲ್ವರ್ ಓಕ್ ಮರಗಳ ನೆರಳಲ್ಲಿ ಸಿಗುವುದಿಲ್ಲ. ಮುಕ್ಕಾಲಿ ಊರಹೊರಟರೆ ರೆಂಬೆ ತಾಗಿ ಕೀಟ ಹಾರಿಹೋಗುತ್ತದೆ. ಈ ಮೂರು ತೊಡಕುಗಳನ್ನು ಒಟ್ಟಿಗೆ ಬಿಡಿಸಿದ್ದು 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಬೆಳೆಸಿದ ಎಲೆಕ್ಟ್ರಾನಿಕ್ ಫ್ಲ್ಯಾಶ್. ಹತ್ತಿರದಿಂದ ಮಂದವಾಗಿ ಬಳಸಿದಾಗ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಬೆಳಗುವ ಅದು ಕೈಯ ನಡುಕವನ್ನು ಚಿತ್ರಕ್ಕೆ ತಾಗಗೊಡದು. ಉಳಿಯುವುದು ಹಿಂದುಮುಂದಿನ ತೂಗಾಟ: ಫೋಕಸನ್ನು ಒಂದೆಡೆ ನಿಲ್ಲಿಸಿ, ಮೊಣಕೈಯನ್ನು ಮೈಗೆ ಒತ್ತಿ, ಕೀಟದ ಕಣ್ಣು ಸ್ಫುಟವಾಗುವವರೆಗೆ ಮೈಯನ್ನೇ ನಿಧಾನವಾಗಿ ಮುಂದೆ ಬಾಗಿಸಿ ಗುಂಡಿ ಒತ್ತುವುದು ಇದಕ್ಕೆ ರೂಢಿಯಲ್ಲಿರುವ ಉಪಾಯ.

ಹೀಗೆ ಟ್ರೈಪ್‌ನ ಕಾಲದಲ್ಲಿ ಸ್ಫುಟತೆಯನ್ನು ಕೊಟ್ಟದ್ದು ಕಲ್ಲಿನ ನಿಶ್ಚಲತೆ. ಇಂದು ಅದನ್ನು ಕೊಡುವುದು ಬೆಳಕಿನ ಕ್ಷಣಿಕತೆ. ಕೈಯಲ್ಲಿ ಹಿಡಿದು ತೆಗೆದ ಸಮೀಪ ಚಿತ್ರವನ್ನು ಮುಕ್ಕಾಲಿಯ ಚಿತ್ರಕ್ಕಿಂತ ಕೀಳೆಂದು ಎಣಿಸಲು ಹಾಗಾಗಿ ಆಧಾರವಿಲ್ಲ; ಜೀವಂತ ಕೀಟದ ಮಟ್ಟಿಗೆ ಅದೇ ಹೆಚ್ಚು ತಕ್ಕ ವಿಧಾನ.