ಪರನಾಡಿನಲ್ಲಿ ಪಟ್ಟವೇರಿದ ಕನ್ನಡಿಗರು

ಅರಸನಾದವನು ತಾನಾಳುವ ನಾಡಿನಲ್ಲಿಯೇ ಹುಟ್ಟಿದವನಾಗಿರಬೇಕೆಂಬ ಕಟ್ಟಳೆ ಚರಿತ್ರೆಗಿಲ್ಲ. ಫ್ರಾನ್ಸ್ ದೇಶದಲ್ಲಿ 1763ರಲ್ಲಿ ಹುಟ್ಟಿ, ನೆಪೋಲಿಯನ್ನನ ದಂಡನಾಯಕನಾಗಿದ್ದ ಬರ್ನಡಾಟ್ 1818ರಲ್ಲಿ ಸ್ವೀಡನ್ನಿನ ಸಿಂಹಾಸನವನ್ನೇರಿದನು. ಆ ನಾಡಿನ ನುಡಿ ಅವನ ನಾಲಗೆಗೆ ಕೊನೆಯವರೆಗೂ ಒಗ್ಗಲಿಲ್ಲ. ಮಗನಾದ ಆಸ್ಕರನು ಮಾತ್ರ ಅದನ್ನು ಚೆನ್ನಾಗಿ ಕಲಿತನು. ಇಂದಿಗೂ ಅಲ್ಲಿಯ ದೊರೆಗಳು ಅದೇ ವಂಶದವರು. ಇಂಥ ಕಥೆಗಾಗಿ ನಾವು ಯೂರೋಪಿನವರೆಗೆ ಹೋಗಬೇಕಾದುದಿಲ್ಲ. ಕನ್ನಡ ನಾಡಿನಿಂದ ಹೊರಟವರ ಮಕ್ಕಳು ಮೊಮ್ಮಕ್ಕಳೇ ವಂಗ, ಮಿಥಿಲೆಗಳನ್ನು ಆಳಿದರು.

ಚಾಳುಕ್ಯ ಆರನೆಯ ವಿಕ್ರಮಾದಿತ್ಯನು ರಾಜಕುಮಾರನಾಗಿದ್ದಾಗ ಗೌಡ, ಕಾಮರೂಪಗಳವರೆಗೆ ದಂಡೆತ್ತಿ ಹೋದನೆಂದು ಕವಿ ಬಿಲ್ಹಣನು ವರ್ಣಿಸಿದ್ದಾನೆ. ಇಂಥ ದಂಡಯಾತ್ರೆಗಳಲ್ಲಿ ಹೋದ ವೀರರಲ್ಲಿ ಕೆಲವರು ಅಲ್ಲಿಯೇ ನೆಲೆಯೂರಿದರೆಂದು ವಿದ್ವಾಂಸರ ಊಹೆ. ವಂಗದ ಸೇನರಾಜರು ತಮ್ಮ ಶಾಸನಗಳಲ್ಲಿ ತಾವು ಕರ್ಣಾಟ ಮೂಲದವರೆಂದು ಅಭಿಮಾನದಿಂದಲೇ ಹೇಳಿಕೊಂಡಿದ್ದಾರೆ. ಅವರ ಹಿರಿಯನಾದ ಸಾಮಂತಸೇನನು ಮುಪ್ಪಿನಲ್ಲಿ ಗಂಗೆಯ ತೀರವನ್ನು ಸೇರಿದನು. ಮೊಮ್ಮಗ ವಿಜಯಸೇನನು ರಾಜ್ಯವನ್ನು ಕಟ್ಟಿದನು. ಅವನ ಮಗ ಬಲ್ಲಾಳಸೇನನು ಚಾಳುಕ್ಯರ ಮನೆಯ ರಾಮದೇವಿಯನ್ನು ವರಿಸಿದನು. ಸ್ವತಃ ಗ್ರಂಥಕರ್ತನೂ ಆಗಿದ್ದನು. ಇವರ ಮಗ ಲಕ್ಷ್ಮಣಸೇನನ ಆಸ್ಥಾನದಲ್ಲಿಯೇ ಗೀತಗೋವಿಂದದ ಜಯದೇವನಿದ್ದನು.

ಮಿಥಿಲೆಯ ಕಥೆ ಇನ್ನೂ ಸ್ವಾರಸ್ಯವಾದುದು. ಕರ್ಣಾಟ ವಂಶದ ನಾನ್ಯದೇವನು 1097ರಲ್ಲಿ ಅಲ್ಲಿ ರಾಜ್ಯವನ್ನು ಸ್ಥಾಪಿಸಿದನು. ಅವನ ರಾಜಧಾನಿ ಸಿಮ್ರೌನ್‌ಗಢ ಈಗ ನೇಪಾಳದಲ್ಲಿದೆ. ಸಂಗೀತಶಾಸ್ತ್ರವನ್ನು ಬಲ್ಲ ಆ ಅರಸನು ಭರತಭಾಷ್ಯವೆಂಬ ಗ್ರಂಥವನ್ನು ರಚಿಸಿದನು. ವಂಶದ ಕೊನೆಯ ಪ್ರಬಲ ದೊರೆ ಹರಿಸಿಂಹದೇವನ ಆಶ್ರಯದಲ್ಲಿ ಜ್ಯೋತಿರೀಶ್ವರನು ವರ್ಣರತ್ನಾಕರವನ್ನು ಬರೆದನು. ಮೈಥಿಲಿ ಭಾಷೆಯ ಅತಿ ಹಳೆಯ ಗದ್ಯಗ್ರಂಥ ಅದು. ಕನ್ನಡ ಮೂಲದ ಅರಸುಮನೆಯ ನೆರಳಿನಲ್ಲಿ ಬೆಳೆದದ್ದು ಮಿಥಿಲೆಯ ನುಡಿ!

ಈಗ ನಮ್ಮ ಮನೆಯ ಅಂಗಳಕ್ಕೇ ಬರೋಣ. ಸುಮಾರು 1004ರಲ್ಲಿ ಚೋಳರು ಗಂಗರ ತಲಕಾಡನ್ನು ಗೆದ್ದು ಅದಕ್ಕೆ ರಾಜರಾಜಪುರವೆಂದು ಹೆಸರಿಟ್ಟರು. ಮಳವಳ್ಳಿಯ ಬಳಿಯ ಮಾರೆಹಳ್ಳಿ ನರಸಿಂಹ ದೇವಾಲಯದಲ್ಲಿ ಆ ಕಾಲದ ತಮಿಳು ಶಾಸನಗಳಿವೆ. ದೇವರಿಗೆ ಅವರು ಕೊರತೆ ಮಾಡಲಿಲ್ಲ. ಆದರೆ ಅರಸನು ಇದ್ದುದು ಕಾವೇರಿಯ ಆ ತುದಿಯಲ್ಲಿ. ಇಲ್ಲಿದ್ದವನು ಅವನ ಅಧಿಕಾರಿ. ಒಂದು ನೂರು ವರ್ಷಗಳ ಮೇಲೆ, 1116ರಲ್ಲಿ, ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಆ ಅಧಿಕಾರಿಯನ್ನು ಸೋಲಿಸಲು ಚೋಳರ ಆಳ್ವಿಕೆ ಇಲ್ಲಿ ಕೊನೆಗಂಡಿತು. ಹೊಯ್ಸಳನು ‘ತಲಕಾಡುಗೊಂಡ’ನಾದನು, ಊರಿಗೆ ಹಳೆಯ ಹೆಸರೇ ಉಳಿಯಿತು.

ಮುಂದೆ ಅದೇ ವಿಷ್ಣುವರ್ಧನನ ವಂಶದ ಸೋಮೇಶ್ವರನು ತಮಿಳು ನಾಡಿಗೆ ಹೋಗಿ ಶ್ರೀರಂಗದ ಸಮೀಪದ ಕಣ್ಣನೂರಿನಲ್ಲಿ ನೆಲಸಿದನು. ಅವನ ಮಗ ರಾಮನಾಥನು ಅಲ್ಲಿಯೇ ಆಳಿದನು. ಅಲ್ಲಿಯ ಅವನ ಶಾಸನಗಳ ಭಾಷೆ ತಮಿಳು. ಆದುದರಿಂದ ಇದು ಕನ್ನಡಿಗ, ತಮಿಳನೆಂಬ ಭೇದದ ಮಾತಲ್ಲ. ದೂರದಲ್ಲಿದ್ದುಕೊಂಡು ಆಳಿದವನಿಗೂ ಬಂದು ಒಕ್ಕಲಾಗಿ ಆಳಿದವನಿಗೂ ಇರುವ ಅಂತರ.

ವಂಗ, ಮಿಥಿಲೆಗಳಲ್ಲಿ ಕನ್ನಡವೇಕೆ ಉಳಿಯಲಿಲ್ಲವೆಂದು ಕೆಲವರು ಮರುಗುವುದುಂಟು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ನಮ್ಮಲ್ಲಿದೆ. ಸೇರಿದ ಮನೆಯನ್ನು ಬೆಳಗಿದ ಮಗಳನ್ನು ಕಂಡು ತೌರಿನವರು ಹಿಗ್ಗುವುದೂ ಉಂಟಷ್ಟೆ. ನಾನ್ಯದೇವನ ವಂಶವನ್ನು ನೆನೆಯುವಾಗ ನಮಗೆ ಒಪ್ಪುವುದು ಆ ಹಿಗ್ಗೇ.